ಸೂಜಿ ಹಸಿರಿಗೆ ಬಂದಿರಲಿಲ್ಲ

ಪುಣೆಯಲ್ಲಿ ಮಂಜುಗಡ್ಡೆ ಸಿಗುವುದು ಕಬ್ಬಿನ ಹಾಲಿನ ಗಾಡಿಯಲ್ಲಿ, ಇಲ್ಲವೇ ಮೀನಿನ ಮಾರುಕಟ್ಟೆಯಲ್ಲಿ. ಡಿಸೆಂಬರ್ ಬಂದರೆ ಕಿವಿಗೆ ಮಫ್ಲರ್ ಸುತ್ತಿಕೊಂಡು ‘ಏನ್ ಥಂಡಿರೀ’ ಎಂದು ಕೈ ಉಜ್ಜಿಕೊಳ್ಳುವುದೇ ಇಲ್ಲಿಯ ಚಳಿಗಾಲ. ಇಂಥ ಊರಿನಲ್ಲಿ ವಿಮಾನದ ರೆಕ್ಕೆಯ ಮೇಲಿನ ಹಿಮ ತೊಳೆಯುವ ಯಂತ್ರ ತಯಾರಾಗಿತ್ತು ಎಂದರೆ ಜನ ನಗುತ್ತಾರೆ. ನಗಲಿ. ಅದರ ಫೋಟೋ ತೆಗೆದವಳು ನಾನು. ಆ ಫೋಟೋಗಳ ಮಾತು ಬಂದರೆ ಈಗಲೂ ನನ್ನ ಮೈ ಉರಿಯುತ್ತದೆ. ಆ ಉರಿಯಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಸ್ವಾರಗೇಟ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಪ್ಪನ ಸ್ಟುಡಿಯೋ ಇತ್ತು. ಅಪ್ಪ ಗದಗಿನಿಂದ ಬಂದವರು. ಪಾಸ್‌ಪೋರ್ಟ್ ಫೋಟೋ, ವರನ ಕಡೆಯವರಿಗೆ ತೋರಿಸುವ ಹುಡುಗಿಯರ ಫೋಟೋ ತೆಗೆದು ಸಂಸಾರ ನಡೆಸಿದರು. ಅವರ ನಂತರ ನಾನು ಕ್ಯಾಮೆರಾ ಹಿಡಿದಾಗ, ಹೆಂಗಸು ಮದುವೆಯ ಫೋಟೋ ತೆಗೆಯಬಹುದು ಎಂದು ಓಣಿಯ ಹಿರಿಯರು ಅಪ್ಪಣೆ ಕೊಟ್ಟರು, ನಾನು ಕೇಳದಿದ್ದರೂ. ನನಗೆ ಮದುವೆಗಳೇ ಬೇಡವಾಗಿದ್ದವು. ಚಿಂಚವಡ, ಭೋಸರಿ, ನಿಗಡಿಯ ಕಾರ್ಖಾನೆಗಳಿಗೆ ಹೋಗಿ ಪಂಪು, ವಾಲ್ವು, ಗೇರ್‌ಬಾಕ್ಸುಗಳ ಫೋಟೋ ತೆಗೆದು ಕ್ಯಾಟಲಾಗ್ ಮಾಡಿಸಿಕೊಡುತ್ತಿದ್ದೆ. ಪಂಪು ಎಂದೂ ತನ್ನ ಮೂಗು ದೊಡ್ಡದಾಗಿ ಬಂದಿದೆ ಎಂದು ಜಗಳ ತೆಗೆಯುವುದಿಲ್ಲ.

ವಿಮಾನದ ಹುಚ್ಚು ಮಾತ್ರ ಚಿಕ್ಕಂದಿನಿಂದ ಇತ್ತು. ಪುಣೆಯ ವಿಮಾನಗಳು ಇಳಿಯುವುದು ವಾಯುಪಡೆಯ ನೆಲದಲ್ಲಿ, ಅಲ್ಲಿ ಕ್ಯಾಮೆರಾ ತೆಗೆಯುವಂತಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಒಮ್ಮೆ ದೂರದ ದಿಬ್ಬದ ಮೇಲೆ ನಿಂತು, ಇಳಿಯುತ್ತಿದ್ದ ವಿಮಾನಕ್ಕೆ ಲೆನ್ಸ್ ಹಿಡಿದೆ. ಪಹರೆಯವನೊಬ್ಬ ಬಂದು ರೋಲ್ ಹೊರಗೆಳೆದು ಬಿಸಿಲಿಗೆ ಹಿಡಿದ. ಅದರಲ್ಲಿ ಅವ್ವನ ಫೋಟೋಗಳೂ ಇದ್ದವು. ನಿಯಮ ಎಂದರೆ ನಿಯಮ, ಒಪ್ಪಿದೆ. ಆದರೆ ಸುರುಳಿ ಎಳೆಯುವಾಗ ಅವನು ನಗುತ್ತಿದ್ದನಲ್ಲ, ಆ ನಗೆಯನ್ನು ನಾನು ಇನ್ನೂ ಕ್ಷಮಿಸಿಲ್ಲ. ಹಾಗಾಗಿ ಕೆಲವು ವರ್ಷಗಳ ನಂತರ ನಿಗಡಿಯ ಮಾಲೀಕರು ‘ವಿಮಾನದ ಹತ್ತರ ನಿಂತು ಫೋಟೋ ತಗೀಬೇಕ್ರಿ, ಪರವಾನಗಿ ನಾವು ತರತೀವಿ’ ಎಂದಾಗ ನಾನು ಎರಡನೆಯ ಮಾತು ಆಡಲಿಲ್ಲ.

ಆ ಮಾಲೀಕರು ಬಾಗಲಕೋಟೆ ಕಡೆಯವರು. ಹಣೆಗೆ ವಿಭೂತಿ, ಕಿಸೆಯಲ್ಲಿ ಅಡಿಕೆಯ ಡಬ್ಬಿ, ಬಾಯಲ್ಲಿ ಸದಾ ‘ನಮ್ಮ ಮಂದಿ’. ನನ್ನನ್ನು ಕರೆದದ್ದೂ ಅದಕ್ಕೇ. ‘ಹೊರಗಿನವರಿಗೆ ಯಾಕ ಕೊಡೂದ್ರಿ ಕೆಲಸಾ? ನಮ್ಮ ಮಂದಿಗೆ ಕೊಡೂಣು’ ಎನ್ನುತ್ತಿದ್ದರು. ಹೊರಗೆಲ್ಲ ದಿನವಿಡೀ ಮರಾಠಿಯಲ್ಲಿ ಬಡಿದಾಡಿ ಬಂದವಳಿಗೆ, ಒಬ್ಬರು ‘ಬರ್ರಿ, ಕುಂಡ್ರಿ, ಚಾ ತಗೋರಿ’ ಅಂದರೆ ಕರುಳು ಕರಗಿಬಿಡುತ್ತದೆ. ಪರವೂರಿನಲ್ಲಿ ನಾವು ಮಾಡುವ ತಪ್ಪು ಇದೇ. ಭಾಷೆ ಒಂದೇ ಆದರೆ ಮನುಷ್ಯನೂ ನಮ್ಮವನೇ ಎಂದುಕೊಂಡುಬಿಡುತ್ತೇವೆ.

ಯಂತ್ರವನ್ನು ಕಟ್ಟಿದ ಫಿಟ್ಟರ್ ಕೂಡ ‘ನಮ್ಮ ಮಂದಿ’ಯೇ. ಯಾದಗಿರಿ ಕಡೆಯವನು, ಮೂವತ್ತರೊಳಗಿನ ವಯಸ್ಸು. ಮೊದಲು ಕಟ್ಟಡಗಳಲ್ಲಿ ಗೋಡೆಗೆ ಗಾರೆ ಮೆತ್ತುವ ಗಿಲಾವು ಕೆಲಸ ಮಾಡುತ್ತಿದ್ದವನು, ಆಮೇಲೆ ಕಾರ್ಖಾನೆಗೆ ಸೇರಿ ವೆಲ್ಡಿಂಗು, ಪೈಪಿನ ಕೆಲಸ ಎಲ್ಲ ಕಲಿತಿದ್ದ. ಗಿಲಾವಿನ ಒಂದು ಅಭ್ಯಾಸ ಅವನ ಕೈಯಲ್ಲಿ ಉಳಿದುಬಿಟ್ಟಿತ್ತು. ಏನನ್ನಾದರೂ ಪರೀಕ್ಷಿಸಬೇಕಾದರೆ ಮೊದಲು ಅಂಗೈ ಇಡುತ್ತಿದ್ದ, ಆಮೇಲೆ ಹೊರಗೈ. ‘ಗ್ವಾಡಿ ಒಣಗೇದೋ ಇಲ್ಲೋ ಕಣ್ಣಿಗೆ ತಿಳಿಯಂಗಿಲ್ರಿ ಅಕ್ಕಾರ, ಹೊರಗೈಗೆ ತಿಳೀತದ’ ಎಂದು ಹೇಳಿದ್ದ. ಮೊದಲ ದಿನದಿಂದಲೇ ನಾನು ಅವನಿಗೆ ಅಕ್ಕಾರ. ಕಾರ್ಖಾನೆಗಳಲ್ಲಿ ನನ್ನನ್ನು ಮ್ಯಾಡಮ್ ಎಂದು ಕರೆಯುವವರು ನೂರು ಜನ, ಹಾಗೆ ಕರೆಯುತ್ತಲೇ ಕುರ್ಚಿ ಕೊಡದವರು ತೊಂಬತ್ತು. ಇವನು ಅಕ್ಕಾರ ಅಂದು, ಸ್ಟೂಲ್ ಒರೆಸಿ ಕೊಡುತ್ತಿದ್ದ.

ಯಂತ್ರ ಅಂದರೆ ಒಂದು ಟ್ರಕ್ಕು. ಅದರ ಬೆನ್ನಿಗೆ ಟಾಂಕಿ, ಟಾಂಕಿಯ ಕೆಳಗೆ ಬರ್ನರು, ಮೇಲಕ್ಕೆ ಚಾಚುವ ಉದ್ದನೆಯ ತೋಳು, ತೋಳಿನ ತುದಿಗೆ ಒಬ್ಬ ಮನುಷ್ಯ ನಿಲ್ಲುವಷ್ಟು ತೊಟ್ಟಿಲು. ಹಿಮ ಕರಗಿಸುವ ಕಿತ್ತಳೆ ಬಣ್ಣದ ದ್ರಾವಣವನ್ನು ಟಾಂಕಿಯಲ್ಲಿ ಚೆನ್ನಾಗಿ ಕಾಯಿಸಿ, ತೊಟ್ಟಿಲಲ್ಲಿ ನಿಂತವನು ರೆಕ್ಕೆಯ ಮೇಲೆ ಜೋರಾಗಿ ಹೊಡೆಯಬೇಕು. ಹಿಂದಿನ ಪ್ಯಾನಲ್‌ನಲ್ಲಿ ಒಂದು ಗುಂಡು ಮಾಪಕ, ಅದರಲ್ಲಿ ಒಂದು ಹಸಿರು ಪಟ್ಟಿ. ಸೂಜಿ ಹಸಿರಿಗೆ ಬಂದರೆ ದ್ರಾವಣ ಕಾದಿದೆ ಎಂದರ್ಥ. ಪಕ್ಕದಲ್ಲೊಂದು ಕೆಂಪು ದೀಪ. ಬರ್ನರ್ ಹತ್ತಿದ್ದರೆ ಅದೂ ಹತ್ತಿರುತ್ತದೆ. ಇಷ್ಟು ತಿಳಿದರೆ ಸಾಕು.

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಿಗಡಿಯ ಅಂಗಳದಲ್ಲಿ ಅದರ ಪರೀಕ್ಷೆ ನಡೆಯಿತು. ಐಸ್ ಕಾರ್ಖಾನೆಯಿಂದ ಗೋಣಿತಟ್ಟು ಸುತ್ತಿದ ಗಡ್ಡೆಗಳನ್ನು ಟೆಂಪೋದಲ್ಲಿ ತರಿಸಿ, ಅಲ್ಯೂಮಿನಿಯಂ ತಗಡಿನ ಮೇಲೆ ಇಟ್ಟರು. ಯಂತ್ರ ಸಿದ್ಧವಾಗುವ ಮೊದಲೇ ಅವು ಕರಗಿ ಹರಿದವು. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಉಪ್ಪು ಮತ್ತು ಥರ್ಮೊಕೋಲ್ ಪುಡಿ ಹರಡಿ ಹಿಮದ ಫೋಟೋ ತೆಗೆಯಲು ಹೇಳಿದರು. ತೆಗೆದೆ. ಫಿಟ್ಟರ್ ನಕ್ಕು ನಕ್ಕು ಸುಸ್ತಾದ. ‘ಅಕ್ಕಾರ, ಈ ಉಪ್ಪಿನಾಗ ಒಂದು ವರ್ಷದ ಉಪ್ಪಿನಕಾಯಿ ಆಗ್ತಿತ್ತು’ ಅಂದ. ಮಾಲೀಕರ ಅಕ್ಕನ ಮಗ ನಗಲಿಲ್ಲ. ಪುಣೆಯಲ್ಲೇ ಬೆಳೆದು ಆಗ ತಾನೇ ಎಂಜಿನಿಯರ್ ಆಗಿದ್ದ ಅವನಿಗೇ ಈ ಯಂತ್ರದ ಪೂರ್ಣ ಜವಾಬ್ದಾರಿ ವಹಿಸಿದ್ದರು.

ಜನವರಿಯಲ್ಲಿ ಉತ್ತರದ ಬೆಟ್ಟಗಳ ನಡುವಿನ ಒಂದು ವಿಮಾನ ನಿಲ್ದಾಣಕ್ಕೆ ಯಂತ್ರ ಹೊರಟಿತು. ಫಿಟ್ಟರ್ ಅದೇ ಟ್ರಕ್ಕಿನಲ್ಲಿ, ಚಾಲಕನ ಪಕ್ಕದಲ್ಲಿ ಕೂತು ಆರು ದಿನ ಪಯಣಿಸಿದ. ನಾನು ಮತ್ತು ಎಂಜಿನಿಯರ್ ವಿಮಾನದಲ್ಲಿ ಹೋದೆವು. ದಿಲ್ಲಿಯಲ್ಲಿ ದಟ್ಟ ಮಂಜು ಕವಿದು, ಮುಂದಿನ ವಿಮಾನ ಒಂದೂವರೆ ದಿನ ಹೊರಡಲಿಲ್ಲ. ನಾನು ಕೌಂಟರಿನ ಹುಡುಗಿಯ ಮೇಲೆ ಹರಿಹಾಯ್ದೆ. ಚಳಿಗಾಲದಲ್ಲಿ ಮಂಜು ಬೀಳುತ್ತದೆಂದು ನಿಮಗೆ ಗೊತ್ತಿರಲಿಲ್ಲವೇ ಎಂದೆಲ್ಲ ಕೂಗಾಡಿದೆ. ಆ ಹುಡುಗಿ ಸುಮ್ಮನೆ ಕೇಳಿಸಿಕೊಂಡಳು. ಬೈದರೂ ತಿರುಗಿ ಏನೂ ಮಾಡಲಾಗದವರ ಮೇಲೆ ನನ್ನ ಸಿಟ್ಟು ಯಾವಾಗಲೂ ಧಾರಾಳ. ಆಗ ಅದು ಹೊಳೆದಿರಲಿಲ್ಲ.

ನಾವು ಮುಟ್ಟುವಷ್ಟರಲ್ಲಿ ಫಿಟ್ಟರ್ ಬಂದು ಎರಡು ದಿನವಾಗಿತ್ತು. ಹಿಮವನ್ನು ಮೊದಲ ಸಲ ಕಂಡವನು ನನಗೆ ತೋರಿಸಲು ಒಂದು ಮುಷ್ಟಿ ಹಿಡಿದು ತಂದ. ‘ಉಪ್ಪಲ್ರಿ ಇದು, ಖರೇನ ಬರಫ!’ ಅವನ ಜೀವನದಲ್ಲಿ ಆವರೆಗೆ ವಿಮಾನವನ್ನು ಕೆಳಗಿನಿಂದ ಮಾತ್ರ ನೋಡಿದ್ದ. ಕೆಲಸ ಚೆನ್ನಾಗಿ ಆದರೆ ವಾಪಸು ವಿಮಾನದಲ್ಲಿ ಕರೆತರುತ್ತೇವೆ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಅದನ್ನು ಮೂರು ಸಲ ಹೇಳಿದ.

ಆ ಕಣಿವೆಯಲ್ಲಿ ವಿಮಾನ ಹಾರುವುದು ಬೆಳಗಿನ ಕೆಲವೇ ಗಂಟೆ. ಮೋಡ ಇಳಿದರೆ ಮುಗಿಯಿತು. ಮರುದಿನ ಬೆಳಿಗ್ಗೆ ಹೊರಟು ನಿಂತಿದ್ದ ವಿಮಾನದ ರೆಕ್ಕೆಗಳ ಮೇಲೆ ಗೇಣು ದಪ್ಪ ಹಿಮ ಕೂತಿತ್ತು. ಒಳಗೆ ಜನ ಹತ್ತಿ ಕೂತಾಗಿತ್ತು. ನನ್ನ ಹಿಂದೆ ಒಬ್ಬ ಸಿಪಾಯಿ. ಕ್ಯಾಮೆರಾ ಯಂತ್ರದ ಕಡೆಗಷ್ಟೇ ತಿರುಗಬೇಕು ಎಂದು ಹೇಳಿ ನಿಂತಿದ್ದ. ಬ್ಯಾಟರಿ ಚಳಿಗೆ ಸಾಯುತ್ತದೆಂದು ಎರಡನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಇಷ್ಟೆಲ್ಲ ಜಾಣತನ ಮಾಡಿದವಳು ಒಂದು ಹುಚ್ಚು ಕೆಲಸ ಮಾಡಿದೆ. ಲೆನ್ಸಿನ ಮೇಲೆ ಹಿಮದ ಚೂರು ಬಿದ್ದಿತ್ತು. ಇಪ್ಪತ್ತು ವರ್ಷದ ರೂಢಿ ನೋಡಿ, ಬಾಯಿ ಹತ್ತಿರ ತಂದು ‘ಹಾ’ ಎಂದು ಉಸಿರು ಬಿಟ್ಟು ಒರೆಸಲು ಹೋದೆ. ಪುಣೆಯಲ್ಲಿ ಗಾಜು ಒರೆಸುವುದೇ ಹಾಗೆ. ಇಲ್ಲಿ ನನ್ನ ಉಸಿರು ಗಾಜಿನ ಮೇಲೆ ಗಡ್ಡೆಯಾಗಿ ಕೂತುಬಿಟ್ಟಿತು. ಲೆನ್ಸು ಪೊರೆ ಬಂದ ಕಣ್ಣಿನಂತೆ ಬೆಳ್ಳಗಾಯಿತು.

ಸಿಪಾಯಿ ನಕ್ಕ. ನಾನು ಸಿಟ್ಟಿನಿಂದ ಉಜ್ಜಲು ಕೈ ಎತ್ತಿದೆ. ಬರ್ನರ್ ಹಚ್ಚಿ ತೊಟ್ಟಿಲ ಕಡೆ ಹೊರಟಿದ್ದ ಫಿಟ್ಟರ್ ಓಡಿ ಬಂದ.

‘ತಿಕ್ಕಬ್ಯಾಡ್ರಿ ಅಕ್ಕಾರ, ಗೆರಿ ಬೀಳ್ತಾವ. ಶಾಲಿನೊಳಗ ಇಟ್ಕೋರಿ, ತಾನ ಕರಗತದ.’

ಹಾಗೇ ಮಾಡಿದೆ. ಕರಗಲು ಹತ್ತು ನಿಮಿಷ ಹಿಡಿಯಿತು. ಹೀಗಾಗಿ ಮೊದಲೇ ತೆಗೆಯಬೇಕಿದ್ದ ಪ್ಯಾನಲ್‌ನ ಫೋಟೋವನ್ನು ನಾನು ತೆಗೆದದ್ದು ದ್ರಾವಣ ಹೊಡೆಯಲು ಶುರು ಮಾಡುವ ಹೊತ್ತಿಗೆ ಸರಿಯಾಗಿ. ಈ ಕಥೆಯೆಲ್ಲ ನಿಂತಿರುವುದು ಆ ಹತ್ತು ನಿಮಿಷದ ಮೇಲೆ.

ಎಂಜಿನಿಯರ್ ಪ್ಯಾನಲ್ ಪಕ್ಕ ನಿಂತು ಹೆಬ್ಬೆರಳು ಎತ್ತಿ ಹಿಡಿದ. ‘ಮ್ಯಾಡಮ್, ಲವಕರ ತಗೀರಿ, ಟೈಮ್ ಇಲ್ಲ.’ ವಿಮಾನದವರು ಅವನನ್ನು ಅವಸರ ಮಾಡುತ್ತಿದ್ದರು. ಮೇಲಿನ ತೊಟ್ಟಿಲಿನಿಂದ ಫಿಟ್ಟರ್ ಕೂಗಿದ, ‘ಕಾದದೇನ್ರೀ?’ ಅಲ್ಲಿಂದ ಅವನಿಗೆ ಮಾಪಕ ಕಾಣುತ್ತಿರಲಿಲ್ಲ. ಎಂಜಿನಿಯರ್ ಒಮ್ಮೆ ಮಾಪಕ ನೋಡಿದ. ‘ಕಾದದ, ಕಾದದ! ಹೊಡಿ!’

ನಾನೂ ಮಾಪಕ ನೋಡಿದೆ. ಸೂಜಿ ಹಸಿರಿಗೆ ಬಂದಿರಲಿಲ್ಲ. ಬಹಳ ಕೆಳಗೇ ಇತ್ತು. ಕೆಂಪು ದೀಪ ಹತ್ತಿತ್ತು. ನನಗೆ ಆಗ ಏನನ್ನಿಸಿತು ಗೊತ್ತೇ? ಸೂಜಿ ಹಸಿರಿನಲ್ಲಿದ್ದಿದ್ದರೆ ಕ್ಯಾಟಲಾಗಿಗೆ ಚೆನ್ನಾಗಿರುತ್ತಿತ್ತು, ಇರಲಿ, ಆಮೇಲೆ ತಿದ್ದಿಸಿದರಾಯಿತು. ಇಷ್ಟೇ. ಒಂದು ವಿಮಾನದ ತುಂಬ ಜನ ಕೂತಿದ್ದರು, ನಾನು ಚೌಕಟ್ಟಿನ ಚಂದ ನೋಡುತ್ತಿದ್ದೆ. ಒಂದೇ ದೃಶ್ಯವನ್ನು ಬೆಳಕು ಹೆಚ್ಚು, ಸರಿ, ಕಡಿಮೆ ಎಂದು ಮೂರು ಸಲ ಹೊಡೆಯುವುದು ನಮ್ಮ ಕಸುಬಿನ ಪದ್ಧತಿ. ಮೂರು ಸಲ ಹೊಡೆದೆ.

ಫಿಟ್ಟರ್ ದ್ರಾವಣ ಬಿಟ್ಟ. ಹಿಮ ಕುಸಿದು ಜಾರಿತು, ರೆಕ್ಕೆ ಒದ್ದೆಯಾಗಿ ಫಳಫಳ ಹೊಳೆಯಿತು. ಕೆಳಗಿನಿಂದ ನೋಡಿದರೆ ತೊಳೆದಿಟ್ಟ ತಾಟು. ಎಂಜಿನಿಯರ್ ವಿಮಾನದವರಿಗೆ ಕೈ ಬೀಸಿ ಆಯಿತು ಎಂದ. ಆಗ ಫಿಟ್ಟರ್ ತೊಟ್ಟಿಲನ್ನು ರೆಕ್ಕೆಯ ಹತ್ತಿರ ತಂದು, ಕೈಗವಸು ಕಳಚಿ, ಅಂಗೈಯನ್ನು ರೆಕ್ಕೆಯ ಮೇಲೆ ಊರಿದ. ಆಮೇಲೆ ಹೊರಗೈ. ನಾನು ಆ ಕೈಯ ಫೋಟೋ ತೆಗೆದೆ. ಚಂದ ಕಂಡಿತು ಅಂತ.

‘ಬರಫ ಅದ್ರೀ!’ ಎಂದು ಅವನು ಕೂಗಿದ. ‘ಹೋಗಿಲ್ಲ ಇನ್ನಾ! ಗಾಜಿನಂಗ ಕುಂತದ!’

‘ಏ, ಪಾಣಿ ಆಹೇ ತೇ! ನೀರು! ಕೆಳಗ ಇಳಿ!’ ಎಂದ ಎಂಜಿನಿಯರ್.

‘ನೀರಲ್ರಿ. ನನ್ನ ಕೈಗೆ ತಿಳೀತದ. ನಾ ಇಳಿಯಂಗಿಲ್ಲ.’

ನಿಜವಾಗಿಯೂ ಇಳಿಯಲಿಲ್ಲ. ಯಂತ್ರ ರೆಕ್ಕೆಯ ಮುಂದೆಯೇ ನಿಂತಿತ್ತು, ಅದು ಸರಿಯದೆ ವಿಮಾನ ಕದಲುವಂತಿರಲಿಲ್ಲ. ಎಂಜಿನಿಯರ್ ಕೆಳಗಿನಿಂದ ಅವನ ಊರು, ಕೇರಿ, ಹುಟ್ಟು ಎಲ್ಲ ಎತ್ತಿ ಬೈದ. ವಿಮಾನದವರು ಬೈದರು. ಕಿಟಕಿಗಳಲ್ಲಿ ಸಿಡುಕಿನ ಮುಖಗಳು ಕಂಡವು. ಅವನು ಒಂದು ಕೈ ರೆಕ್ಕೆಯ ಮೇಲಿಟ್ಟುಕೊಂಡು, ಆ ಚಳಿಯಲ್ಲಿ, ಸುಮ್ಮನೆ ನಿಂತಿದ್ದ. ಕೊನೆಗೆ ವಿಮಾನದ ಮೆಕ್ಯಾನಿಕ್ ಒಬ್ಬ ಏಣಿ ಹಾಕಿ ಹತ್ತಿ, ತಾನೂ ಕೈಗವಸು ತೆಗೆದು ಮುಟ್ಟಿ ನೋಡಿದ. ಅವನ ಮುಖದ ಬಣ್ಣ ಹೋಯಿತು. ಉಗುರುಬೆಚ್ಚನೆಯ ದ್ರಾವಣಕ್ಕೆ ಮೇಲಿನ ಹಿಮ ಕರಗಿ, ಕೆಳಗೆ ಪಾರದರ್ಶಕವಾಗಿ ಮತ್ತೆ ಗಟ್ಟಿಯಾಗಿತ್ತು. ಆ ಗಡ್ಡೆ ಹೊತ್ತು ವಿಮಾನ ಓಡಿದ್ದರೆ ಮೇಲೇಳುತ್ತಿತ್ತೋ ಇಲ್ಲವೋ, ಎದ್ದರೂ ಎಷ್ಟು ದೂರ ಹೋಗುತ್ತಿತ್ತೋ, ಆ ಮೆಕ್ಯಾನಿಕ್ಕನ ಮುಖ ನೋಡಿದವರಿಗೆ ಕೇಳುವ ಅಗತ್ಯವಿರಲಿಲ್ಲ.

ಸೂಜಿ ಹಸಿರಿಗೆ ಬರುವವರೆಗೆ ಕಾಯಿಸಿ ಮತ್ತೆ ಹೊಡೆದರು. ರೆಕ್ಕೆಯಿಂದ ಒಂದು ಹಾಳೆ ಗಡ್ಡೆ ಇಡಿಯಾಗಿ ಜಾರಿ, ಮಾಡಿನಿಂದ ಹಂಚು ಬಿದ್ದಂತೆ ನೆಲಕ್ಕೆ ಬಿದ್ದು ಚೂರಾಯಿತು. ಅಷ್ಟರಲ್ಲಿ ಮೋಡ ಇಳಿದಿತ್ತು. ಆ ದಿನದ ಹಾರಾಟ ರದ್ದಾಯಿತು. ಇಳಿದು ಬಂದ ಪ್ರಯಾಣಿಕರಲ್ಲಿ ಒಬ್ಬ ಹೆಂಗಸು ಫಿಟ್ಟರ್‌ನನ್ನು ನೋಡಿ, ಇವನಿಂದಲೇ ತನ್ನ ತಂಗಿಯ ಮದುವೆ ತಪ್ಪಿತು ಎಂದು ಶಾಪ ಹಾಕಿ ಹೋದಳು. ಒಬ್ಬರೂ ಅವನಿಗೆ ಶಾಬಾಸ್ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಫಿಲ್ಮ್ ಸುತ್ತುತ್ತಿದ್ದೆ.

ಯಂತ್ರ ಕೊಂಡವರು ಮೊದಲ ಸಲಕ್ಕೇ ಯಾಕೆ ತೊಳೆಯಲಿಲ್ಲ ಎಂದು ಕೇಳಿದರು. ಎಂಜಿನಿಯರ್ ಕಣ್ಣು ಪಿಳುಕಿಸದೆ ಉತ್ತರ ಕೊಟ್ಟ. ಯಂತ್ರದ ದೋಷವಲ್ಲ, ಫಿಟ್ಟರ್ ಬರ್ನರ್ ಹಚ್ಚುವುದನ್ನೇ ಮರೆತಿದ್ದ, ಮೊದಲ ಸಲ ಹೊಡೆದ ಮೇಲೆ ತಾನು ನೋಡಿ ಹಚ್ಚಿದೆ ಎಂದ. ಅದೇ ಮಾತು ಕಂಪನಿಯ ವರದಿಯಲ್ಲೂ ಬಂತು. ಫಿಟ್ಟರ್‌ನ ಕೆಲಸ ಹೋಯಿತು. ಅವನನ್ನು ಅಲ್ಲಿಂದಲೇ ಬಸ್ಸು, ರೈಲು ಹಿಡಿದು ಹೋಗಲು ಹೇಳಿದರು. ವಿಮಾನದಲ್ಲಿ ಎಂಜಿನಿಯರ್ ನನ್ನ ಪಕ್ಕದ ಸೀಟಿನಲ್ಲಿ ನಿದ್ದೆ ಮಾಡಿದ. ದಿಲ್ಲಿಯಲ್ಲಿ ಮತ್ತೆ ಮಂಜು ಕವಿದು ಏಳು ಗಂಟೆ ಕೂತೆವು. ಈ ಸಲ ನಾನು ಯಾರ ಮೇಲೂ ಕೂಗಾಡಲಿಲ್ಲ. ಕೂಗಬೇಕಾದವನು ಪಕ್ಕದಲ್ಲೇ ಇದ್ದ.

ಪುಣೆಗೆ ಬಂದು ಸ್ಲೈಡುಗಳನ್ನು ತೊಳೆಸಿ, ನಿಗಡಿಗೆ ಒಯ್ದೆ. ಮಾಲೀಕರು ಬೆಳಕಿನ ಪೆಟ್ಟಿಗೆಯ ಮೇಲೆ ಒಂದೊಂದಾಗಿ ನೋಡಿದರು. ಪ್ಯಾನಲ್‌ನ ಸ್ಲೈಡ್ ಬಂದಾಗ ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿದರು. ಹಸಿರಿಗೆ ಬಾರದ ಸೂಜಿ, ಹತ್ತಿದ ಕೆಂಪು ದೀಪ, ಅಕ್ಕನ ಮಗನ ಹೆಬ್ಬೆರಳು, ಹಿಂದೆ ಇನ್ನೂ ಹಿಮ ಹೊತ್ತ ರೆಕ್ಕೆ, ಎಲ್ಲವೂ ಒಂದೇ ಕಡೆ. ಅವರಿಗೆ ತಿಳಿಯಿತು. ತಿಳಿದದ್ದು ನನಗೂ ತಿಳಿಯಿತು. ಆ ಸ್ಲೈಡನ್ನು ಎತ್ತಿ ಅಂಗಿಯ ಕಿಸೆಗೆ, ಅಡಿಕೆ ಡಬ್ಬಿಯ ಹಿಂದೆ, ಇಳಿಸಿದರು.

‘ಇದರದು ಇನ್ನೊಂದು ಅದ ಏನ್ರಿ?’

‘ಇಲ್ರಿ’ ಅಂದೆ.

‘ಛಲೋ ಆತು. ಮನೀ ಮಾತು ಮನ್ಯಾಗ ಇರಬೇಕ್ರಿ. ನಾವು ನಮ್ಮ ಮಂದಿ’ ಎಂದು ಚಹಾ ತರಿಸಿದರು. ನಾನು ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು ಎಂಬುದೂ ನೆನಪಿದೆ.

ನಿಜ ಹೇಳಬೇಕೆಂದರೆ ಇನ್ನೊಂದು ಇತ್ತು. ಮೂರರಲ್ಲಿ ಸರಿಯಾದದ್ದನ್ನು ಗಿರಾಕಿಗೆ ಕೊಟ್ಟು, ಖರಾಬಾದವನ್ನು ಕೌಂಟರಿನ ಕೆಳಗಿನ ಬಿಸ್ಕತ್ತಿನ ಡಬ್ಬಿಗೆ ಹಾಕುವುದು ಅಪ್ಪನ ಕಾಲದ ಪದ್ಧತಿ. ಬೆಳಕು ಹೆಚ್ಚಾದದ್ದರಲ್ಲಿ ಏನೂ ಉಳಿದಿರಲಿಲ್ಲ. ಬೆಳಕು ಕಡಿಮೆಯಾದದ್ದರಲ್ಲಿ ಹಿಮ ಬೂದಿಬಣ್ಣವಾಗಿ ಉಳಿದದ್ದೆಲ್ಲ ಕಪ್ಪಾಗಿತ್ತು, ಆದರೆ ಕೆಂಪು ದೀಪ ಸರಿಯಾದ ಸ್ಲೈಡಿಗಿಂತ ಸ್ಪಷ್ಟವಾಗಿ ಉರಿಯುತ್ತಿತ್ತು. ಮಾಲೀಕರಿಗೆ ಸುಳ್ಳು ಹೇಳಿದಾಗ ನನ್ನೊಳಗೆ ಒಂದು ಸಣ್ಣ ಹೆಮ್ಮೆ ಇತ್ತು, ಸಾಕ್ಷಿ ಉಳಿಸಿದೆ ಎಂದು. ಆ ಹೆಮ್ಮೆ ಒಂದು ವಾರ ಬಾಳಿತು.

ಒಂದು ಮಧ್ಯಾಹ್ನ ಫಿಟ್ಟರ್ ಸ್ಟುಡಿಯೋಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಪರದೆಯ ಪಕ್ಕದ ಸ್ಟೂಲಿನ ತುದಿಗೆ ಕೂತ. ತುಟಿ ಚಳಿಗೆ ಒಡೆದದ್ದು ಇನ್ನೂ ಮಾದಿರಲಿಲ್ಲ.

‘ಅಕ್ಕಾರ, ನೀವು ಅವತ್ತ ಪ್ಯಾನಲ್‌ದು ಫೋಟೋ ತಗದಿದ್ರಲ್ಲಾ. ನನಗ ಕೊಡೂದು ಬ್ಯಾಡ್ರಿ. ಒಂದ ಸಲ ತೋರಿಸ್ರಿ, ಸಾಕು.’

ನನಗೆ ಕೋರ್ಟು ಕಂಡಿತು, ಯೂನಿಯನ್ ಕಂಡಿತು, ನಿಗಡಿಯ ಬಾಗಿಲು ಮುಚ್ಚುವುದು ಕಂಡಿತು. ಆ ಒಂದು ಕಾರ್ಖಾನೆಯಿಂದ ಇನ್ನು ನಾಲ್ಕು ಕಾರ್ಖಾನೆಗಳ ಕೆಲಸ ನನಗೆ ಬರುತ್ತಿತ್ತು. ಕೊಡುವುದು ಬೇಡ ಎಂದು ಅವನು ಹೇಳಿದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

‘ಎಲ್ಲಾ ಕಂಪನಿಯವರು ಒಯ್ದಾರಪ್ಪ. ನನ್ನ ಹತ್ತರ ಏನೂ ಉಳಿದಿಲ್ಲ’ ಅಂದೆ. ಬಿಸ್ಕತ್ತಿನ ಡಬ್ಬಿ ನನ್ನ ಮೊಣಕಾಲಿಗೆ ತಾಗುತ್ತಿತ್ತು.

‘ಹೌದ್ರಿ? ಇರಲಿ ಬಿಡ್ರಿ’ ಎಂದು ಎದ್ದ. ‘ನಿಮಗ ನೆನಪದ ಏನ್ರಿ, ದೀಪ ಹತ್ತಿತ್ತೋ ಇಲ್ಲೋ?’

‘ಅಷ್ಟು ಲಕ್ಷ್ಯ ಇಟ್ಟು ನೋಡಿಲ್ಲ.’

ಒಂದೇ ನಿಮಿಷದಲ್ಲಿ ಎರಡು ಸುಳ್ಳು. ಅವನು ಹೊರಗಿನ ಬಿಸಿಲಿಗೆ ಇಳಿದು ಹೋದ ಮೇಲೆ ನನಗೆ ಸಿಟ್ಟು ಬಂದದ್ದು ಯಾರ ಮೇಲೆ? ಅವನ ಮೇಲೆ. ಇವನು ಯಾಕೆ ಬಂದು ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಬೇಕಿತ್ತು ಎಂದು. ಮನುಷ್ಯ ಇಷ್ಟು ಕೆಳಗೆ ಇಳಿಯಬಲ್ಲ.

ಕ್ಯಾಟಲಾಗ್ ಅಚ್ಚಾಗಿ ಬಂತು. ಮುಖಪುಟದಲ್ಲಿ ರೆಕ್ಕೆಯ ಮೇಲೆ ಊರಿದ ಆ ಕೈ. ಮಣಿಕಟ್ಟಿಗೆ ಸರಿಯಾಗಿ ಕತ್ತರಿಸಿದ್ದರು, ಅದರ ಕೆಳಗೆ ಹರಿದ ಸ್ವೆಟರಿನ ತೋಳು ಇತ್ತಲ್ಲ. ಅಡಿಯಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರ, ನಮ್ಮ ಅನುಭವಿ ಕೈಗಳನ್ನು ನಂಬಿ ಅನ್ನುವ ಅರ್ಥದ್ದು. ಕ್ಯಾಟಲಾಗನ್ನು ಮೇಜಿನ ಮೇಲೆ ಬಡಿದೆ. ಓದುವವರು ನೀವು ಕೇಳಬಹುದು, ಅಷ್ಟು ಸಿಟ್ಟು ಬಂದಿದ್ದರೆ ಏನು ಮಾಡಿದಿರಿ ಎಂದು. ಹತ್ತು ಪ್ರತಿ ಕೇಳಿ ತೆಗೆದುಕೊಂಡೆ. ಬೇರೆ ಗಿರಾಕಿಗಳಿಗೆ ತೋರಿಸಲು.

ಮುಂದೆ ಡಿಜಿಟಲ್ ಬಂತು. ಕಾರ್ಖಾನೆಗಳು ತಾವೇ ಫೋಟೋ ತೆಗೆದುಕೊಳ್ಳತೊಡಗಿದವು. ನಿಗಡಿಯವರಂತೂ ಒಂದು ದಿನ ಫೋನ್ ಎತ್ತುವುದನ್ನೇ ಬಿಟ್ಟರು. ನಮ್ಮ ಮಂದಿ ಅನ್ನುವ ಮಾತು ಕ್ಯಾಮೆರಾ ಅಗ್ಗವಾಗುವವರೆಗೆ ನಡೆಯಿತು. ಸ್ಟುಡಿಯೋ ಖಾಲಿ ಮಾಡುವಾಗ ಆ ಸ್ಲೈಡ್ ಸಿಕ್ಕಿತು ಎಂದು ಬರೆದರೆ ಕಥೆ ಚಂದವಾಗುತ್ತದೆ. ಅದು ಸುಳ್ಳು. ಅದು ಎಲ್ಲಿದೆ, ಡಬ್ಬಿಯ ಯಾವ ಮೂಲೆಯಲ್ಲಿದೆ ಎಂದು ನನಗೆ ಆರು ವರ್ಷ ದಿನಾ ಗೊತ್ತಿತ್ತು.

ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಸ್ವಾರಗೇಟದ ಬಸ್ಸುಗಳ ಗದ್ದಲದಲ್ಲಿ ‘ಅಕ್ಕಾರ!’ ಎಂಬ ಕೂಗು ಕೇಳಿಸಿತು. ಅವನೇ. ಕೈಯಲ್ಲಿ ಬುತ್ತಿಯ ಡಬ್ಬಿ, ಬೆರಳುಗಳ ಸಂದಿಯಲ್ಲಿ ಒಣಗಿದ ಸಿಮೆಂಟು. ಕಾತ್ರಜದ ಕಡೆ ಹೊಸ ಕಟ್ಟಡದಲ್ಲಿ ಗಿಲಾವು ಮಾಡುತ್ತಿದ್ದೇನೆ ಎಂದ. ಆರಾಮ ಅದೀರೇನ್ರಿ, ಸ್ಟುಡಿಯೋ ಹೆಂಗದ ಎಂದು ಕೇಳಿದ. ಹಳೆಯದರ ಸೊಲ್ಲೇ ಇಲ್ಲ. ಅವನ ಬಸ್ಸು ಬಂತು, ಕೈ ಎತ್ತಿ ಹತ್ತಿಕೊಂಡ. ನನ್ನ ಮೇಲೆ ಒಂದಿಷ್ಟು ಸಿಟ್ಟಾದರೂ ಮಾಡಬಾರದೇ ಎಂದು ನನಗೆ ಅಳು ಬಂತು.

ಕಪ್ಪು ಸ್ಲೈಡಿನಿಂದ ದೊಡ್ಡ ಪ್ರಿಂಟ್ ಹಾಕಿಸಿದೆ. ಎರಡು ದಿನ ಬಿಟ್ಟು ಕಾತ್ರಜದ ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ಆ ಕಟ್ಟಡಕ್ಕೆ ಹೋದೆ. ಎರಡನೆಯ ಮಾಳಿಗೆಯಲ್ಲಿ ಅವನು ಗೋಡೆಗೆ ಹೊರಗೈ ಹಚ್ಚಿ ನಿಂತಿದ್ದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಇದನ್ನು ತಗೊಂಡು ಹೋಗಿ ಅವರ ಮುಖಕ್ಕೆ ಎಸೆ, ವಕೀಲರನ್ನು ನಾನು ಹುಡುಕುತ್ತೇನೆ, ಸಾಕ್ಷಿ ಹೇಳುತ್ತೇನೆ. ಅದೆಲ್ಲ ಬಿಟ್ಟು ಲಕೋಟೆ ಕೊಟ್ಟೆ.

ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಫೋಟೋವನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದ. ಸೂಜಿಯನ್ನು ನೋಡಲಿಲ್ಲ. ಎಂಜಿನಿಯರ್‌ನ ಹೆಬ್ಬೆರಳನ್ನೂ ನೋಡಲಿಲ್ಲ. ಕೆಂಪು ದೀಪದ ಮೇಲೆ ಬೆರಳಿಟ್ಟ.

‘ಹತ್ತೇದಲ್ರಿ’ ಅಂದ. ‘ದೀಪ ಹತ್ತೇದಲ್ರಿ ಅಕ್ಕಾರ. ಹಂಗಾರ ನಾ ಹಚ್ಚಿದ್ನಿ.’

‘ನೀನ ಹಚ್ಚಿದ್ದಿ. ಕಾಯೂಕಿಂತ ಮದಲ ಹೊಡಿ ಅಂದಾವ ಆ ಎಂಜಿನಿಯರ್.’

ಅದು ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಸಿಮೆಂಟಿನ ಚೀಲದ ಮೇಲೆ ಕೂತುಬಿಟ್ಟ.

‘ಎಲ್ಲಾರೂ ಮರತಿ, ಮರತಿ ಅಂದ್ರು. ಮದಲ ಸುಳ್ಳು ಅಂದ್ನಿ. ಆಮ್ಯಾಲ ನನಗ ಖರೇ ಅನಸಾಕ ಹತ್ತಿತ್ರಿ. ನಿಮ್ಮ ಲೆನ್ಸಿನ ಕಡೆ ಓಡಿ ಬಂದಿದ್ನೆಲ್ಲಾ, ಆ ಗಡಿಬಿಡಿಯೊಳಗ ಹಚ್ಚೀನೋ ಇಲ್ಲೋ ಅಂತ. ಅಷ್ಟು ಮಂದಿ ಕುಂತಿದ್ರು ಒಳಗ. ನನ್ನ ಕೈಲೇನ ಅವರು ಸಾಯ್ತಿದ್ರು ಅಂತ ತಿಳಕೊಂಡಿದ್ನಿ. ಆಮ್ಯಾಲ ಎರಡು ಕಾರ್ಖಾನೆಯವರು ಕರದ್ರು, ಹೋಗಲಿಲ್ಲ. ಮರಿಯೋ ಕೈ ಇದು, ಮಶೀನ್ ಮುಟ್ಟೂದು ಬ್ಯಾಡ ಅಂದ್ನಿ. ಗ್ವಾಡಿ ಆದ್ರ ಬಿದ್ರೂ ನನ್ನ ಮ್ಯಾಲ ಬೀಳತದ.’

ಅವನು ಅವತ್ತು ಸ್ಟುಡಿಯೋಗೆ ಬಂದದ್ದು ಕೋರ್ಟಿಗೆ ಹೋಗಲು ಅಲ್ಲ. ಒಂದು ದೀಪ ನೋಡಲು. ಡಬ್ಬಿಯ ಮುಚ್ಚಳ ತೆಗೆದು ಅರ್ಧ ನಿಮಿಷ ಬೆಳಕಿಗೆ ಹಿಡಿದಿದ್ದರೆ ಮುಗಿಯುತ್ತಿತ್ತು.

ಅವನು ಮತ್ತೊಮ್ಮೆ ಫೋಟೋ ನೋಡಿ, ಹಿಂದೆ ತಿರುಗಿಸಿ, ನನ್ನ ಮುಖ ನೋಡಿದ.

‘ಇದು ಎಲ್ಲಿ ಸಿಕ್ತರಿ? ಕಂಪನಿಯವರು ಕೊಟ್ರೇನು?’

ಹೌದು ಎಂದಿದ್ದರೆ ನಂಬುತ್ತಿದ್ದ. ಮೂರನೆಯ ಸುಳ್ಳು ನಾಲಿಗೆಯ ತುದಿಗೆ ಬಂದೇ ಇತ್ತು.

‘ಇಲ್ಲ. ನನ್ನ ಹತ್ತರನ ಇತ್ತು.’

‘ನಾ ಬಂದಾಗನೂ?’

‘ನೀ ಬಂದಾಗನೂ ಇತ್ತು.’

ಫೋಟೋವನ್ನು ಲಕೋಟೆಯಲ್ಲಿ ಹಾಕಿ, ಬುತ್ತಿ ಡಬ್ಬಿಯ ಕೆಳಗೆ, ಸಿಮೆಂಟು ತಾಗದ ಜಾಗ ನೋಡಿ ಇಟ್ಟ. ಎದ್ದು ಕರಣೆ ಕೈಗೆತ್ತಿಕೊಂಡ. ಕೆಳಗೆ ಇಳಿಯುವ ಮೆಟ್ಟಿಲುಗಳಿಗೆ ಇನ್ನೂ ಕಟಕಟೆ ಹಾಕಿರಲಿಲ್ಲ. ನಾನು ಗೋಡೆ ಹಿಡಿದು ಹೊರಟಾಗ ಹಿಂದಿನಿಂದ ಹೇಳಿದ:

‘ಸಾವಕಾಶ ಇಳೀರಿ ಮ್ಯಾಡಮ್.’